ಮುಷ್ಟಿ ಪರೀಕ್ಷೆ

ಭದ್ರಾವತಿ ರಸ್ತೆ, ಮಾಚೇನಹಳ್ಳಿಯ ಶೆಡ್ಡು.
ಅಚ್ಚು ಕಟ್ಟುವವನು ನಾನು, ಹಾಲೇಶಿ.
ಹತ್ತೊಂಬತ್ತು ವರ್ಷದ ಮರಳು ಉಗುರಲ್ಲಿದೆ,
ಮದುವೆಯ ದಿನವೂ ಹೋಗಿರಲಿಲ್ಲ.

ಆ ಆಷಾಢ, ಎರಕ ಹೊಯ್ದ ನೂರು ಪಂಪ್ ಬಾಡಿಯಲ್ಲಿ
ಹದಿನಾಲ್ಕು ವಾಪಸ್ಸು.
ಹೊರಗೆ ನೋಡಿದರೆ ಹುಲಿ,
ಕೊರೆದರೆ ಒಳಗೆ ಗಾಳಿಗುಳ್ಳೆ,
ಇಲಿ ತಿಂದ ಕೊಬ್ಬರಿ ಹಾಗೆ.

ಮೇಲಿನ ಮಹಡಿಯಲ್ಲಿ, ಏಸಿಯ ಕೆಳಗೆ,
ಕೆಂಪು ಗೆರೆಯೊಂದು ಏರುತ್ತಿತ್ತಂತೆ.
ಗೆರೆ ನೋಡಿದವರು ಗಾದೆ ಹೇಳಿದರು:
ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ,
ಆಳು ಮಾಡಿದ್ದು ಹಾಳು.
ನೋಟೀಸು ಇಳಿದು ಬಂತು. ಕಾರಣದ ಖಾನೆಯಲ್ಲಿ
‘ರಾತ್ರಿ ಪಾಳಿಯ ಅಜಾಗರೂಕತೆ.’
ನಾಲ್ವರ ಇನ್‌ಕ್ರಿಮೆಂಟು ಕಟ್.

ಯಾರೂ ಬರುತ್ತಲೇ ಇರಲಿಲ್ಲ ಅಂತಲ್ಲ.
ದೊಡ್ಡವರು ಬಂದಿದ್ದರು, ಯುಗಾದಿಗೆ ಮುಂಚೆ.
ಎರಡು ದಿನ ಮೊದಲೇ ನೆಲಕ್ಕೆ ಹಳದಿ ಪಟ್ಟೆ ಬಳಿದೆವು.
ಪಟ್ಟೆಯ ಒಳಗೇ ನಡೆದರು,
ಕುಲುಮೆಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡರು,
ಸಾಕಮ್ಮನ ಕೈಗೆ ಹೊಸ ಗ್ಲೌಸು ಕೊಟ್ಟರು.
ಕಾರು ಗೇಟು ದಾಟಿದ ಮೇಲೆ
ಸ್ಟೋರಿನವನು ಬಂದು ಇಸಕೊಂಡು ಹೋದ.

ವಾಗ್ದೇವಿ ಮೇಡಂ ಬಂದದ್ದು ಹೇಳದೆ ಕೇಳದೆ,
ರಾತ್ರಿ ಎರಡೂವರೆಗೆ.
ತೆಳು ಚಪ್ಪಲಿ ನೋಡಿ ಜಬೀವುಲ್ಲಾ
ತನ್ನ ಹಳೇ ಬೂಟು ಕೊಟ್ಟ, ಒಂಬತ್ತನೇ ನಂಬರು.
ಅಪ್ಪನ ಬೂಟಲ್ಲಿ ಕಾಲಿಟ್ಟ ಮಗುವಿನಂತೆ
ಎಳೆಯುತ್ತ ನಡೆದರು, ಟಪ್, ಟಪ್.
ನಾವು ನಗಲಿಲ್ಲ.
ಕೆಲಸ ಹೋಗುವ ರಾತ್ರಿ ಅಂದುಕೊಂಡಿದ್ದೆವು.

ಒಂದು ಗಂಟೆ ಏನೂ ಕೇಳಲಿಲ್ಲ.
ನಾನು ತುಂಬಿದೆ, ಚಚ್ಚಿದೆ, ಪೆಟ್ಟಿಗೆ ಮಗುಚಿದೆ.
ತಗಡಿನ ಮೇಲೆ ಮಳೆ, ಮೊರದಿಂದ ಹುರುಳಿ ಸುರಿದಂತೆ.
ಆಮೇಲೆ ಬಗ್ಗಿ ಒಂದು ಹಿಡಿ ಮರಳೆತ್ತಿ
ಅದುಮಿ ಮುಷ್ಟಿ ಬಿಚ್ಚಿದರು.
ಅಂಗೈಗೆ ಮೆತ್ತಿತ್ತು.

“ಹಾಲೇಶಿ, ಹದವಾಗಿದ್ದರೆ ಹೇಗಿರಬೇಕು?”

ಹತ್ತೊಂಬತ್ತು ವರ್ಷದಲ್ಲಿ ಮರಳಿನ ಬಗ್ಗೆ
ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.
ಬಾಯಿಗೆ ಮಾತು ಬರಲಿಲ್ಲ, ಕೈ ಹೇಳಿತು:
ಆಚೆ ಮೂಲೆಯ ಗುಡ್ಡೆಯಿಂದ ಒಂದು ಹಿಡಿ,
ಒಂದು ಅದುಮು, ನಡುವಿಗೆ ಮುರಿದೆ.
ಬೆಲ್ಲದಚ್ಚು ಮುರಿದ ಹಾಗೆ ಚೊಕ್ಕ ಅಂಚು,
ಮೈಮೇಲೆ ನನ್ನ ಬೆರಳ ಗೆರೆ, ಅಂಗೈ ಸ್ವಚ್ಛ.

ಅವರು ಕತ್ತೆತ್ತಿದರು. ನಾವೂ ಎತ್ತಿದೆವು.
ಒಂದು ಬೋಲ್ಟಿಗೆ ವಾಷರಿಲ್ಲ.
ಹನಿ.
ಗಡಿಯಾರ ನೋಡಿ ಎಣಿಸಿದರು.
ಹನಿ.
ನೇರ ಮರಳಿನ ಮೇಲೆ.
ಲ್ಯಾಬಿನ ಹುಡುಗ ಸ್ಯಾಂಪಲ್ ತೆಗೆಯುವುದು ಹಗಲು ಹನ್ನೊಂದಕ್ಕೆ,
ಕುಲುಮೆಯ ಕಾವಿಗೆ ಎಲ್ಲ ಆರಿದ ಮೇಲೆ.

ಹೇಳಿರಲಿಲ್ಲವಾ ಎಂದರು. ಹೇಳಿದ್ದೆವು, ಮೂರು ಸಲ.
ಹೇಳಿದ್ದು ರಿಜಿಸ್ಟರಿನಲ್ಲಿದೆ,
ರಿಜಿಸ್ಟರು ಕಪಾಟಿನಲ್ಲಿದೆ,
ಕೀಲಿಕೈ ಮಹಡಿಯ ಮೇಲಿದೆ.

ವಾಷರಿಗೆ ನಾಲ್ಕು ರೂಪಾಯಿ.

ನಾಲ್ಕು ಗಂಟೆಗೆ ಚಹಾ. ಲೋಟ ಸಾಲದೆ
ಥರ್ಮಾಸಿನ ಮುಚ್ಚಳದಲ್ಲಿ ಕೊಟ್ಟೆವು, ಕುಡಿದರು.
ಚಹಾದ ನಂತರ ನಾವು ಗೋಣಿಚೀಲದ ಮೇಲೆ
ಹತ್ತು ನಿಮಿಷ ಕಣ್ಣು ಮುಚ್ಚುತ್ತೇವಲ್ಲ, ಅದನ್ನೂ ಕಂಡರು.
ನೋಡುವ ಕಣ್ಣಿಗೆ ಬರೀ ಸೋರುವ ತಗಡೇ ಬೀಳುವುದಿಲ್ಲ.
ಅದರ ಬಗ್ಗೆ ಈವರೆಗೆ ಮಾತಾಡಿಲ್ಲ.
ಆ ಅಳುಕು ಇದೆ, ಇದ್ದರೂ
ಅವರು ಬರದ ವಾರ ಬಾಗಿಲ ಕಡೆ ನೋಡುತ್ತೇವೆ.

ಇನ್‌ಕ್ರಿಮೆಂಟು ಮರಳಿ ಬಂತು, ಮೂವರಿಗೆ.
ನಾಲ್ಕನೆಯವನು, ಸೂಗೂರಿನ ಬೀರಲಿಂಗ,
ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಫೋನು ಎತ್ತುವುದಿಲ್ಲ.

ಮೊನ್ನೆ ಪಿಎಫ್ ಅರ್ಜಿ ಹಿಡಿದು ಮೇಲೆ ಹೋಗಿದ್ದೆ.
ಕಂಪ್ಯೂಟರಿನ ಪಕ್ಕ ಒಂದು ಸಾಸರು,
ಅದರಲ್ಲಿ ನಾನು ಮುರಿದ ಉಂಡೆಯ ಅರ್ಧ.
ಒಣಗಿ ಅಂಚು ಉದುರುತ್ತಿದೆ,
ಗುಡಿಸುವಾಕೆ ಅದರ ಸುತ್ತ ಒರೆಸುತ್ತಾಳಂತೆ, ಮುಟ್ಟುವುದಿಲ್ಲ.
ನಮ್ಮ ಶೆಡ್ಡಿನಿಂದ ಮೆಟ್ಟಿಲು ಹತ್ತಿದ ಮರಳು
ಅದೊಂದೇ,
ನನ್ನ ಚಪ್ಪಲಿಯದ್ದು ಬಿಟ್ಟರೆ.