ತಗಡಿನ ತೂತು

ತಲೆ ಎತ್ತಿ ನೋಡು ಹಾಲೇಶ, ಅಲ್ಲಿ, ಮೂರನೇ ಜಂತಿ ಪಕ್ಕ,
ತಗಡಿನಲ್ಲೊಂದು ತೂತು.
ಮುಚ್ಚಿಸಬೇಡ ಅಂದವಳು ನಾನೇ.
ಮಳೆಗಾಲದಲ್ಲಿ ಕೆಳಗೊಂದು ಬಕೆಟ್ ಇಡ್ತೀನಿ, ಅಷ್ಟೆ.

ಅಲ್ಲಿಂದ ಹಾರಿ ಹೋದದ್ದು ಒಂದು ಬೋಲ್ಟಿನ ತಲೆ.
ಸುಗ್ಗಿ ಆಗ. ಹೊರಗೆ ಹದಿನೇಳು ಗಾಡಿ ಭತ್ತ,
ತೊಗರ್ಸಿಯವರು ಮೊದಲೋ ಉಡುಗಣಿಯವರು ಮೊದಲೋ ಅಂತ ಜಗಳ.
ನಾನು ಚೀಟಿ ಬರೀತಿದ್ದೆ.
ಪಟ್ ಅಂತು.
ದೊಡ್ಡ ಸದ್ದೇನಲ್ಲ, ಕಾವಲಿಯಲ್ಲಿ ಹುಣಸೆಬೀಜ ಸಿಡಿದ ಹಾಗೆ.
ಆಮೇಲೆ ಹಲ್ಲುಗಾಲಿ ಓಲಾಡಿತು, ಬೆಲ್ಟು ಎದ್ದು
ಗೋಡೆಗೊಂದು ಬಾರಿಸಿ, ಹೊಟ್ಟಿನ ರಾಶಿಯಲ್ಲಿ ಬಿತ್ತು.
ಕಿವಿ ಪಕ್ಕ ಏನೋ ಹಾದುಹೋಗಿತ್ತು ಅನ್ನೋದು ಹೊಳೆದದ್ದು
ರಾತ್ರಿ, ಉಂಡು ಮಲಗಿದ ಮೇಲೆ.

ಮಾರನೇ ದಿನ ಭದ್ರಾವತಿಯಿಂದ ಮೊದಲ ಬಸ್ಸಿಗೆ ಬುಡನ್ ಸಾಬರು ಬಂದರು,
ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಬ್ಬಿಣದ ಮಾತು ಕೇಳಿದವರು.
ತುಂಡಾದ ಮುಂಡ ಅಂಗೈಯಲ್ಲಿಟ್ಟು, ಕನ್ನಡಕ ಹಣೆಗೇರಿಸಿ,
"ಇದು ನಿನ್ನೆ ಮುರಿದದ್ದಲ್ಲ ಗುತ್ಯಮ್ಮ" ಅಂದರು.
"ನೋಡು, ಕಪ್ಪೆಚಿಪ್ಪಿನ ಬೆನ್ನಿನ ಹಾಗೆ ಗೆರೆ ಮೇಲೆ ಗೆರೆ.
ಒಂದೊಂದು ಗೆರೆ ಒಂದೊಂದು ಸಲ ನೀನು ಕಿವಿಗೊಡದ್ದು.
ಈ ಅಂಚು ಮಾತ್ರ ಒಡೆದ ಬೆಲ್ಲದ ಹಾಗೆ ಒರಟು, ಕಾಣ್ತಾ?
ಇಷ್ಟೇ ಇಷ್ಟು ಹಿಡಿದುಕೊಂಡಿತ್ತು ಪಾಪ,
ನಿನ್ನೆ ಮಧ್ಯಾಹ್ನದ ತನಕ."

ಬಿಸ್ಕತ್ತಿನ ಡಬ್ಬಿಯ ಹಳೇ ಬೋಲ್ಟು ಅದು.
ಹೊಸದಕ್ಕೆ ಹನ್ನೊಂದು ರೂಪಾಯಿ. ಉಳಿಸಿದ್ದೆ.
ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.
ನಿನಗೆ ಈಗ ಹೇಳ್ತಿದ್ದೀನಿ.

ಹಣೆಬರಹ ಓದಿದವರಿಲ್ಲ ಅಂತಾರೆ. ಬೋಲ್ಟಿನದ್ದು ಓದಬಹುದು,
ತಲೆ ಮೇಲೇ ಬರೆದಿರುತ್ತೆ: ಹತ್ತು, ಚುಕ್ಕಿ, ಒಂಬತ್ತು.
ಅದಿದ್ದರೆ ತಗೋ. ಏನೂ ಬರೆಯದ ಬೋಳುತಲೆಯದ್ದು
ಅಂಗಡಿಯವ ಪುಕ್ಕಟೆ ಕೊಟ್ಟರೂ ಬೇಡ.
ಸೀಮೆಎಣ್ಣೆಯಲ್ಲಿ ಮರೆ ತೊಳಿ, ಹಲ್ಲುಜ್ಜೋ ಬ್ರಷ್ಷಿನಿಂದ ತಿಕ್ಕು,
ಪೂರ್ತಿ ಒಣಗಲಿ, ಆಮೇಲೆ ಆ ನೀಲಿ ಅಂಟು ಒಂದು ಹನಿ.
ಒಂದೇ. ತೀರ್ಥದ ಹಾಗೆ.
ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡ,
ಎದುರು ಬದುರು, ಸ್ವಲ್ಪ ಸ್ವಲ್ಪವಾಗಿ.
ಗರಡಿಯಲ್ಲಿ ಪಳಗಿದ ತೋಳು ನಿಂದು, ಗೊತ್ತು,
ಆದರೆ ಪಾನಾ ಟಿಕ್ ಅಂದಮೇಲೆ ಕೈ ಬಿಡು.
ಅಲ್ಲಿಂದಾಚೆ ತಿರುಗೋದು ಬೋಲ್ಟಲ್ಲ, ನಿನ್ನ ಜಂಬ.

ಬೆಲ್ಟೂ ಹಾಗೇ. ಎರಡು ಬೆರಳಲ್ಲಿ ಹಿಡಿದು ತಿರುಚಿದರೆ
ಅರ್ಧಕ್ಕರ್ಧ ಮಗ್ಗುಲಾಗಬೇಕು, ಸಿಡುಕಬಾರದು.
ತಂಬೂರಿ ತಂತಿಯಷ್ಟು ಬಿಗಿದೆಯೋ,
ಅದು ಶಾಫ್ಟನ್ನು ಹಗಲೂರಾತ್ರಿ ಪಕ್ಕಕ್ಕೆಳೆಯುತ್ತೆ,
ಆ ಎಳೆತ ಉಣ್ಣೋರು ಈ ನಾಲ್ವರೇ.
ಎರಡು ಗಾಲಿಗೂ ಒಂದೇ ನೂಲು ಹಿಡಿ. ಎಲ್ಲಾ ಕಡೆ ತಾಗಿದರೆ ನೆಟ್ಟಗಿದೆ.

ಈ ಕೆಂಪು ನನ್ನ ಉಗುರುಬಣ್ಣ. ನಗಬೇಡ.
ಬೋಲ್ಟಿನ ತಲೆಯಿಂದ ಗಾಲಿ ಮೇಲಿನ ತನಕ ಒಂದೇ ಗೀಟು.
ಕೂದಲೆಳೆಯಷ್ಟು ಅದು ಸೊಟ್ಟಗಾದರೂ
ಮಿಲ್ಲು ನಿಲ್ಲಿಸು, ಆಮೇಲೆ ನನ್ನನ್ನ ಕರಿ.
ನನ್ನನ್ನ ಕರೆದು ಆಮೇಲೆ ನಿಲ್ಲಿಸೋದಲ್ಲ.

ಈಗ ಹನ್ನೊಂದೂಕಾಲು.
ತೂತಿಂದ ಬಿದ್ದ ಬಿಸಿಲಿನ ಬಿಲ್ಲೆ ಚೀಟಿ ಮೇಜಿನ ಕಾಲ ಹತ್ತಿರ ಇದೆ.
ತೆವಳ್ತಾ ತೆವಳ್ತಾ ಹಲ್ಲುಗಾಲಿ ಮೇಲೆ ಬರುತ್ತೆ, ಊಟದ ಹೊತ್ತಿಗೆ.
ಆಗ ಮೋಟಾರು ಆರಿಸು, ಫ್ಯೂಸು ಕಿತ್ತು ಜೇಬಿಗೆ ಹಾಕ್ಕೋ,
ಯಾರ ಗಾಡಿ ನಿಂತಿರಲಿ, ಯಾರು ಬೇಕಾದರೂ ಬಯ್ಯಲಿ.
ಟಾರ್ಚೂ ಬೇಡ. ನಾಲ್ಕು ಗೀಟನ್ನೂ ಅದೇ ತೋರಿಸುತ್ತೆ.

ಏನು, ಮೋಡ ಕವಿದ ದಿನವಾ?
ಅದು ಕೇಳಬೇಕಾದ ಮಾತು. ನಾನೂ ಸಾಬರನ್ನ ಕೇಳಿರಲಿಲ್ಲ.
ಆವತ್ತು
ಬಕೆಟ್ಟು ತುಂಬಿದಾಗ ಹೋಗಿ ನೋಡು.