ಮನೆ ದಾಟಿದ ನೀರು

ಫೆರ್ರಿಯ ಕಬ್ಬಿಣದ ಬಾಗಿಲು ಇನ್ನೂ ಪೂರ್ತಿ ಮೇಲೆದ್ದಿಲ್ಲ,
ಆಗಲೇ ನೊಲ್ಬೆರ್ತೊನ ಮೊದಲ ಕರೆ:
‘ಬೆಂಕಿಪೆಟ್ಟಿಗೆ ಎಲ್ಲಿಟ್ಟಿದ್ದೀಯ?’
ಇಪ್ಪತ್ತೇಳು ವರ್ಷದಿಂದ ಅದು ಅಲ್ಲೇ ಇದೆ,
ಉಪ್ಪಿನ ಡಬ್ಬಿಯ ಬೆನ್ನಿಗೆ.
ಇಪ್ಪತ್ತೇಳು ವರ್ಷದಿಂದ ಅವನು ಕೇಳಿದ್ದಾನೆ,
ನಾನು ಹೇಳದೆ ಎದ್ದು ಕೊಟ್ಟಿದ್ದೇನೆ.
ಇವತ್ತು ಹೇಳಬೇಕಾಯಿತು, ಬಾಯಿಬಿಟ್ಟು.

ನನಗೀಗ ಐವತ್ತೊಂದು.
ಚಕ್ರದ ಪೆಟ್ಟಿಗೆ ನನ್ನದಲ್ಲ, ಪಕ್ಕದಮನೆ ಎರ್ಸಿಲಿಯಾಳದು.
ಒಂದು ಚಕ್ರ ಸೊಟ್ಟ, ಸದಾ ಎಡಕ್ಕೆ ಎಳೆಯುತ್ತದೆ.
ಮನೆಯ ಕಡೆಗೆ ಎಳೆಯುತ್ತಿದೆ ಅನ್ನೋಣವೆಂದರೆ
ಮನೆ ಬಲಕ್ಕಿದೆ.

ಮಗಳು ಯಾಸ್ನಾ ಟಿಕೆಟ್ ಕಳಿಸಿದ್ದಾಳೆ, ಅರಿಕಾಕ್ಕೆ.
ದೇಶದ ಆ ತುದಿ, ಮರಳುಗಾಡು,
ಮಳೆಯ ಮುಖ ಕಾಣದೆ ಮುದುಕರಾದವರ ಊರಂತೆ.
‘ಅಮ್ಮಾ, ಕೊಡೆ ಮಾತ್ರ ತರಬೇಡ’ ಎಂದಿದ್ದಳು.
ತಂದಿದ್ದೇನೆ.
ದಾರಿಯಲ್ಲಿ ನಡೆಯುವಾಗ
ಕೈಗೆ ಏನಾದರೂ ಬೇಕಲ್ಲ.

ಈ ನೀರನ್ನು ಮೊದಲ ಸಲ ದಾಟಿದ್ದು
ಮನೆಯ ಜೊತೆಗೇ. ಆಗ ನನಗೆ ಏಳು.
ಎದುರು ದ್ವೀಪದಲ್ಲಿ ಬಾವಿ ಉಪ್ಪಾಯಿತೆಂದು
ಅಪ್ಪ ಮನೆಯನ್ನೇ ಕೀಳಿಸಿದ,
ಗೋಡೆ, ಚಾವಣಿ, ಕಿಟಕಿಯ ಪರದೆ ಸಮೇತ.
ನಮ್ಮ ಚಿಲೊಯೆಯಲ್ಲಿ ಇದೇನೂ ಹೊಸದಲ್ಲ.
ಊರಿಗೆ ಊರೇ ಬಂತು, ಎಂಟು ಜೋಡಿ ಎತ್ತು ಬಂತು,
ಅಡಿಗೆ ದಿಮ್ಮಿ ಕೊಟ್ಟು ಎಳೆದರು ದಡದವರೆಗೆ.
ಭರತ ಏರಿದಾಗ ಮನೆ
ದಪ್ಪ ಬಾತುಕೋಳಿಯ ಹಾಗೆ ನೀರಿಗಿಳಿಯಿತು.
ಕೂಲಿಯಿಲ್ಲ; ಸಂಜೆಗೆ ಹೊಟ್ಟೆತುಂಬ ಆಲೂಗಡ್ಡೆ ರೊಟ್ಟಿ,
ಚಿಪ್ಪುಮೀನು, ಸೇಬಿನ ಹುಳಿಮದ್ಯ.

ಅಜ್ಜಿ ಎಡೆಲ್ಮಿರಾ ಮಾತ್ರ ಇಳಿಯಲಿಲ್ಲ ಹೊರಗೆ.
ಒಲೆ ಆರಿಸಿ ಎಂದು ಎಲ್ಲರೂ ಬಡಿದುಕೊಂಡರು,
ಆರಿಸಿದ್ದೇನೆ ಎಂದಳು.
ನಡುನೀರಿನಲ್ಲಿ ನಮ್ಮ ಚಿಮಣಿಯಿಂದ ಹೊಗೆ!
ದೋಣಿಗಳಲ್ಲಿದ್ದವರು ನಕ್ಕೂ ನಕ್ಕೂ
ಹಗ್ಗ ಕೈಬಿಟ್ಟರು ಒಂದು ಗಳಿಗೆ.
ಅವಳು ಕಿಟಕಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು,
ಸಮುದ್ರ ಪಕ್ಕದಲ್ಲಿ ನಡೆದುಹೋಗುತ್ತಿತ್ತು,
ಯಾರದೋ ಎಮ್ಮೆಯೆಂಬಂತೆ ಒಮ್ಮೆ ನೋಡಿ ಬಿಟ್ಟಳು.

ಹೊಸ ಜಾಗದಲ್ಲಿ ಮನೆಯ ಮುಖ ತಿರುಗಿತ್ತು.
ಅಡುಗೆಮನೆಯ ಬಿಸಿಲು ಮಲಗುವ ಕೋಣೆಗೆ ಹೋಯಿತು.
ಅಮ್ಮ ಒಂದು ವರ್ಷ
ಹಿಟ್ಟಿನ ಪಾತ್ರೆಯನ್ನು ಹಳೆಯ ಬಿಸಿಲಿದ್ದಲ್ಲೇ ಇಡುತ್ತಿದ್ದಳು,
ಅದು ತಣ್ಣಗೆ ಕೂತಿರುತ್ತಿತ್ತು, ಉಬ್ಬದೆ.

ಆ ಮನೆಯಲ್ಲೇ ಹೆತ್ತೆ ಇಬ್ಬರನ್ನು.
ಮಗ ಎಲಿಯೆಸೆರ್ ಸಾಲ್ಮನ್ ತೆಪ್ಪದಲ್ಲಿ ಹದಿನಾಲ್ಕು ದಿನ,
ಮನೆಯಲ್ಲಿ ಏಳು. ಬಂದಾಗ ಬಟ್ಟೆ ಒಗೆಯಲು,
ಹೋದಾಗ ಕಿಟಕಿ ತೆರೆದಿಡಲು, ಮೀನುವಾಸನೆಗೆ.
ನಾನು ಎಲ್ಲಿಗೂ ಹೋಗಲಿಲ್ಲ ಎನ್ನುತ್ತಾರೆ.
ಅಡುಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಡುಗೆಮನೆಗೆ
ಅಳೆದರೆ ಅರಿಕಾ ಮುಟ್ಟಿ ಬರಬಹುದಿತ್ತು
ಎರಡು ಸಲ.
ಆದರೂ ಈ ಬೆಳಿಗ್ಗೆ ಹೊಸ್ತಿಲು ದಾಟಲು
ಎಂಟು ಜೋಡಿ ಎತ್ತೇ ಬೇಕಾಯಿತು ನನ್ನನ್ನೆಳೆಯಲು.
ಎರ್ಸಿಲಿಯಾ ಹಿಂದಿನಿಂದ ನೂಕಿದಳು, ನಿಜವಾಗಿಯೂ, ಎರಡು ಕೈಯಿಂದ.

ಪಕ್ಕದ ಸೀಟಿನಲ್ಲಿ ಯಾರದೋ ಹುಡುಗ
ನಿದ್ದೆಗೆ ಜಾರಿ ನನ್ನ ಭುಜಕ್ಕೆ ಒರಗಿದ್ದಾನೆ.
ಅವನ ತಾಯಿ ಕ್ಷಮಿಸಿ ಎನ್ನುವ ಮೊದಲೇ
ಭುಜ ತಗ್ಗಿಸಿದ್ದೆ, ಕೇಳದೆ, ನನ್ನನ್ನೂ ಕೇಳದೆ.
ಕಳೆದ ವಾರವಷ್ಟೇ ಅಂದುಕೊಂಡಿದ್ದೆ,
ಇನ್ನು ಯಾರ ಭಾರವೂ ಸಾಕು ಎಂದು.

ಎರಡನೆಯ ಕರೆ. ‘ಸಿಕ್ಕಿತು’ ಎಂದ ನೊಲ್ಬೆರ್ತೊ.
ಸುಮ್ಮನೆ ನಿಂತಿದ್ದ, ಇಡಲಿಲ್ಲ ಫೋನು.
‘ಒಲೆ ಹತ್ತಿತೇ?’ ಕೇಳಿದೆ.
‘ಹೊಗೆ ಬರುತ್ತಿದೆ’ ಎಂದ.

ಇಳಿತದ ಹೊತ್ತು. ಎದುರು ದ್ವೀಪದ ಕೆಸರಿನಲ್ಲಿ
ನಮ್ಮ ಹಳೆಯ ಮನೆಯ ಕಂಬದ ಮೋಟುಗಳು,
ಹದಿನಾರಿದ್ದವು, ಈಗ ಹನ್ನೊಂದು.
ಮೇಲೆ ಏನೂ ಇಲ್ಲ.
ಒಂದೊಂದರ ಮೇಲೂ ಒಂದೊಂದು ನೀರುಕಾಗೆ
ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದೆ.