ಕೆನ್ನೆಯೊಳಗಿನ ಸಕ್ಕರೆ

ಎರ್ಜುರುಮ್‌ನ ಹಳಬರು ಚಹಾಕ್ಕೆ ಸಕ್ಕರೆ ಬೆರೆಸುವುದಿಲ್ಲ.
ಕಲ್ಲಿನಂಥ ತುಂಡೊಂದನ್ನು ಹಲ್ಲಲ್ಲಿ ಕಡಿದು
ಕೆನ್ನೆಯ ಮೂಲೆಗೆ ತಳ್ಳಿ
ಅದರ ಮೇಲೆ ಹಾಯಿಸುತ್ತಾರೆ ಕಹಿಯನ್ನು.
ಝುಲ್ಫಿನಾಜ್ ಅಜ್ಜಿ ಹೀಗೆ ದಿನಕ್ಕೆ ಇಪ್ಪತ್ತು ಲೋಟ ಕುಡಿದವಳು.
ಆ ಇಪ್ಪತ್ತು ತುಂಡುಗಳೇ ಎಷ್ಟು ಕಾಲ
ಆಕೆಯನ್ನು ಕಾದವೋ,
ನಮಗೆ ಹೊಳೆದದ್ದು ಆಮೇಲೆ.

ಕಾಯಿಲೆ ಹೊರಬಿದ್ದದ್ದು ಉಪವಾಸದ ತಿಂಗಳಲ್ಲಿ.
ವಯಸ್ಸಾದವರಿಗೆ ವಿನಾಯಿತಿ ಇದೆಯಲ್ಲ ಎಂದರೆ
"ಯಾರಿಗೆ ವಯಸ್ಸಾಗಿದೆ?" ಎಂದಳಂತೆ.
ಮಧ್ಯಾಹ್ನ ದಾಟಿದರೆ ಮಗ ತಹ್ಸೀನನನ್ನು
ಸತ್ತ ತಮ್ಮನ ಹೆಸರಿನಿಂದ ಕರೆಯುವಳು.
ಒಮ್ಮೆ ಹಿಟ್ಟಿನ ಡಬ್ಬಿಯೊಳಗೆ ಚಪ್ಪಲಿ ಇಟ್ಟಳು.
ಒಮ್ಮೆ ಹಿಮದಲ್ಲಿ ಬರಿಗಾಲಲ್ಲಿ ನಿಂತು
ಇಲ್ಲದ ಕೋಳಿಗಳಿಗೆ ಕಾಳು ಚೆಲ್ಲಿದಳು,
ಅಂಥ ಚಳಿಯಲ್ಲೂ ದಳದಳ ಬೆವರುತ್ತ.

ಅರಳುಮರಳು, ಎಂದರು ಎಲ್ಲರೂ.
ಎಪ್ಪತ್ತೆಂಟಕ್ಕೆ ಇನ್ನೇನು ಬಂದೀತು?
ಒಬ್ಬ ವೈದ್ಯ ಗಡಿಯಾರ ಬರೆಸಿದ,
ಮುಳ್ಳುಗಳು ವೃತ್ತದ ಹೊರಗೆ ಬಿದ್ದವು.
ಇನ್ನೊಬ್ಬ ಮೂರ್ಛೆರೋಗದ ಮಾತ್ರೆ ಬರೆದ.
ತಹ್ಸೀನ್ ಗ್ಯಾಸ್ ಒಲೆಯ ತಿರುಗುಗುಂಡಿ ಕಿತ್ತು
ಕೋಟಿನ ಜೇಬಿಗೆ ಹಾಕಿಕೊಂಡ.

ಆದರೆ ಸಂಜೆಯ ಬಾಂಗಿಗೆ ಖರ್ಜೂರ ಬಾಯಿಗಿಟ್ಟರೆ
ಕಾಲು ಗಂಟೆಯಲ್ಲಿ ಅಜ್ಜಿ ಹಿಂದಿರುಗುವಳು,
ಸೊಸೆಯ ಸಾರಿಗೆ ಉಪ್ಪು ಸಾಲದು ಎನ್ನುವಷ್ಟು
ಪೂರ್ತಿಯಾಗಿ.
ದೇವರ ದಯೆ ಎಂದಳು ಸೊಸೆ, ವಾರ್ಡಿನಲ್ಲಿ ನನ್ನೆದುರು.
ಇದ್ದೀತು.
ದಯೆ ಹೀಗೆ ದಿನಾ ಊಟದ ಹೊತ್ತಿಗೇ ಬರುತ್ತದೆಯೇ
ಎಂದು ನನಗೆ, ರಾತ್ರಿಪಾಳಿಯ ನರ್ಸಿಗೆ, ಸಣ್ಣ ಅನುಮಾನ.
ನಸುಕಿನಲ್ಲಿ ಬೆರಳು ಚುಚ್ಚಿದೆ.
ಮೂವತ್ತೆಂಟು.

ಮೊದಲು ಗುಮಾನಿ ಬಿದ್ದದ್ದು ತೀರಿಕೊಂಡ ಗಂಡನ ಮೇಲೆ.
ಆತನ ಸಕ್ಕರೆ ಕಾಯಿಲೆಯ ಮಾತ್ರೆಗಳು ಇನ್ನೂ ಕಪಾಟಿನಲ್ಲಿದ್ದವು.
ಡಬ್ಬಿ ತರಿಸಿ ಎಣಿಸಿದೆವು, ಮುಚ್ಚಳದ ಅಂಟೂ ಬಿಚ್ಚಿರಲಿಲ್ಲ.
ರಕ್ತದಲ್ಲೂ ಅವುಗಳ ಸುಳಿವಿಲ್ಲ.

ಹಾಗಾಗಿ ಮತ್ತೆ ಉಪವಾಸ, ಈ ಸಲ ನಮ್ಮ ಕಣ್ಣೆದುರು.
ಎಪ್ಪತ್ತೆರಡು ಗಂಟೆಯ ಗಡುವು, ನೀರು ಮಾತ್ರ.
ಹತ್ತೊಂಬತ್ತನೆಯ ಗಂಟೆಗೆ ಅಜ್ಜಿ
ಹೊದಿಕೆಯ ಮೇಲಿನ ಕಾಣದ ನೂಲು ಹೆಕ್ಕತೊಡಗಿದಳು.
"ಕುರಿಗಳು ಒಳಗೆ ಬಂದವೇನೇ?"
ಬಂದವು ಅಜ್ಜಿ, ಎಂದೆ, ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ.
ಗ್ಲೂಕೋಸ್ ಸಿರಿಂಜು ಪಕ್ಕದಲ್ಲೇ ಇತ್ತು.
ಮೊದಲು ರಕ್ತ, ಆಮೇಲೆ ಕರುಣೆ. ಕಲಿಸಿದ್ದು ಹಾಗೆ.
ಆ ಎರಡು ನಿಮಿಷ ನಾನು
ಆಕೆಯ ಮುಖ ನೋಡಲಿಲ್ಲ.

ಸಕ್ಕರೆ ಇಳಿದಾಗ ಇನ್ಸುಲಿನ್ ಬಾಯಿ ಮುಚ್ಚಿರಬೇಕು.
ಈಕೆಯದು ಸಂತೆ ಚದುರಿದ ಮೇಲೂ ಕೂಗುವ ವ್ಯಾಪಾರಿ.
ಎರಡು ಸ್ಕ್ಯಾನುಗಳಿಗೆ ತಪ್ಪಿಸಿಕೊಂಡು
ಮೇದೋಜೀರಕದ ಬಾಲದಲ್ಲಿ ಅಡಗಿತ್ತು,
ಕಡಲೆಕಾಳಿನಷ್ಟು ಗಂಟು.

ತೆಗೆದರು.
ಐದನೆಯ ಬೆಳಗ್ಗೆ ತಹ್ಸೀನ್ ಹೂ ತಂದ.
ಅಜ್ಜಿ ಹೂವಿನತ್ತ ನೋಡದೆ ಅಂಗೈ ಚಾಚಿದಳು:
"ನನ್ನ ಒಲೆಯ ಗುಂಡಿ."
ಅವನು ಕೋಟು ತಡಕಿದ, ಷರಾಯಿ ತಡಕಿದ,
ಎಲ್ಲಿಟ್ಟೆನೋ ನೆನಪಾಗುತ್ತಿಲ್ಲ ಅಮ್ಮಾ, ಎಂದ.
ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕು
ಅಜ್ಜಿ ನನ್ನತ್ತ ತಿರುಗಿದಳು:
"ಮಗಳೇ, ಕಾಗದ ಪೆನ್ಸಿಲ್ ತಾ.
ಇವನ ಕೈಲೊಂದು ಗಡಿಯಾರ ಬರೆಸೋಣ."